ಕ್ರೈಸ್ತ ನಂಬಿಕೆಗೆ ಬುನಾದಿ ಯಾವುದು?

(ತೆರೆಯ ಮೇಲೆ ಒಂದೇ ಹೆಸರು: ಪೊಂತ್ಯ ಪಿಲಾತ)

ನಮಸ್ಕಾರ. ಈ ಹೆಸರಿನಿಂದಲೇ ಶುರು ಮಾಡೋಣ. ಅನೇಕ ಚರ್ಚ್‌ಗಳಲ್ಲಿ ಎಲ್ಲರೂ ಎದ್ದು ನಿಂತು ವಿಶ್ವಾಸ ಪ್ರಮಾಣ, ಅಂದರೆ ತಮ್ಮ ನಂಬಿಕೆಯ ಸಾರ, ಹೇಳುತ್ತಾರೆ. ಅದರಲ್ಲಿ ದೇವರು, ಯೇಸು, ಮರಿಯಳ ಜೊತೆಗೆ ಈ ರೋಮನ್ ರಾಜ್ಯಪಾಲನ ಹೆಸರೂ ಬರುತ್ತದೆ. ಯೇಸುವನ್ನು ಶಿಲುಬೆಗೆ ಒಪ್ಪಿಸಿದವನು. ಇವನಿಗೆ ಅಲ್ಲೇನು ಕೆಲಸ?

ಕಾಲ ತೋರಿಸುವ ಕೆಲಸ. ಪಿಲಾತ ಯೂದಾಯದಲ್ಲಿ ಅಧಿಕಾರ ನಡೆಸಿದ್ದು ಕ್ರಿ.ಶ. 26ರಿಂದ ಸುಮಾರು 36ರವರೆಗೆ. ಇದು 'ಒಂದಾನೊಂದು ಕಾಲದಲ್ಲಿ' ಅಂತ ಶುರುವಾಗುವ ಕಥೆಯಲ್ಲ, ಇಂಥವನ ಆಳ್ವಿಕೆಯಲ್ಲಿ ನಡೆದದ್ದು ಎಂದು ಕ್ರೈಸ್ತರು ಒತ್ತಿ ಹೇಳುತ್ತಾರೆ.

ಕ್ರೈಸ್ತ ಧರ್ಮ ಅಂದರೆ ಪ್ರೀತಿ, ಕ್ಷಮೆ ಅಂತ ಸುಮ್ನೆ ಹೇಳಿಬಿಡುತ್ತೇವೆ, ಅಲ್ವಾ? ಅವು ಇವೆ. ಆದರೆ ಬುನಾದಿ ಬೇರೆ.

(ತೆರೆಯ ಮೇಲೆ: 1 ಕೊರಿಂಥ, 15ನೇ ಅಧ್ಯಾಯ)

ಇದು ಬೈಬಲ್‌ನಲ್ಲಿರುವ ಒಂದು ಪತ್ರ, ಆದಿ ಕ್ರೈಸ್ತ ಬೋಧಕ ಪೌಲ ಕೊರಿಂಥ ಊರಿನ ಸಭೆಗೆ ಬರೆದದ್ದು. ಇಲ್ಲಿ ಅವನು ಮುಚ್ಚುಮರೆಯಿಲ್ಲದೆ ಬರೆಯುತ್ತಾನೆ. ಕ್ರಿಸ್ತ ನಮ್ಮ ಪಾಪಗಳಿಗಾಗಿ ಸತ್ತ, ಅವನನ್ನು ಹೂಣಿಟ್ಟರು, ಮೂರನೆಯ ದಿನ ಎದ್ದುಬಂದ. ಎದ್ದುಬಂದವನನ್ನು ಕಂಡವರ ಪಟ್ಟಿಯನ್ನೂ ಕೊಡುತ್ತಾನೆ: ಕೇಫ (ಅಂದರೆ ಶಿಷ್ಯ ಪೇತ್ರ), ಹನ್ನೆರಡು ಮಂದಿ ಶಿಷ್ಯರು, ಐನೂರಕ್ಕೂ ಜಾಸ್ತಿ ಜನ, ಯಾಕೋಬ. ಆ ಐನೂರರಲ್ಲಿ ಹೆಚ್ಚಿನವರು ಇನ್ನೂ ಬದುಕಿದ್ದಾರೆ ಅಂತಲೂ ಸೇರಿಸುತ್ತಾನೆ. ಆಮೇಲಿನ ಮಾತು ನೋಡಿ. ಕ್ರಿಸ್ತ ಎದ್ದುಬರದಿದ್ದರೆ ನಾವು ಸಾರಿದ್ದೂ ವ್ಯರ್ಥ, ನೀವು ನಂಬಿದ್ದೂ ವ್ಯರ್ಥ! ತನ್ನ ನಂಬಿಕೆ ಎಲ್ಲಿ ಕುಸಿಯಬಹುದು ಅಂತ ತಾನೇ ಬೆರಳಿಟ್ಟು ತೋರಿಸುವ ಬೋಧಕರು ಅಪರೂಪ. ಹಿಂದೆ ದೇವರ ಸಭೆಯನ್ನು ಹಿಂಸೆಪಡಿಸಿದವನು ನಾನು ಅಂತಲೂ ಇದೇ ಅಧ್ಯಾಯದಲ್ಲಿ ಒಪ್ಪಿಕೊಳ್ಳುತ್ತಾನೆ.

ಹಾಗಾದರೆ ಎದ್ದುಬಂದ ಈ ಯೇಸು ಯಾರು? ಜಗಳ ಶುರುವಾದದ್ದು ಇಲ್ಲೇ. ಮಗ, ಅಂದರೆ ಯೇಸು, ಕೂಡ ದೇವರ ಸೃಷ್ಟಿಯೇ, ಅವನಿಲ್ಲದ ಕಾಲವೊಂದಿತ್ತು ಅಂದ ಅಲೆಕ್ಸಾಂಡ್ರಿಯದ ಪಾದ್ರಿ ಆರಿಯಸ್. ಚಕ್ರವರ್ತಿ ಕಾನ್‌ಸ್ಟಂಟೈನ್ 325ರಲ್ಲಿ ಬಿಷಪ್‌ಗಳನ್ನು ನೈಸೀಯಾಕ್ಕೆ ಕರೆಸಿದ. ಈಗ ಅದು ಟರ್ಕಿಯ ಇಜ್ನಿಕ್ ಊರು. ಮಗ ಸೃಷ್ಟಿಯಲ್ಲ, ತಂದೆಯ ಸತ್ವವೇ ಮಗನ ಸತ್ವ ಎಂದು ಅಲ್ಲಿ ತೀರ್ಮಾನವಾಯಿತು. ಪವಿತ್ರಾತ್ಮನ ಕುರಿತ ಮಾತು ಗಟ್ಟಿಯಾದದ್ದು 381ರಲ್ಲಿ ಕಾನ್‌ಸ್ಟಾಂಟಿನೋಪಲ್‌ನಲ್ಲಿ ಸೇರಿದ ಸಭೆಯಲ್ಲಿ. ತಂದೆ, ಮಗ, ಪವಿತ್ರಾತ್ಮ. ದೇವರು ಒಬ್ಬನೇ. 'ತ್ರಿಯೇಕ' ಅನ್ನುವ ಪದ ಬೈಬಲ್‌ನಲ್ಲಿಲ್ಲ. ನಂತರದವರು ಇಟ್ಟ ಹೆಸರು ಅದು.

ಇನ್ನು ಕೃಪೆ. ರಕ್ಷಣೆ ದುಡಿದು ಗಳಿಸುವಂಥದ್ದಲ್ಲ, ದೇವರು ಕೊಡುವ ದಾನ. ಹಾಗಾದರೆ ಒಳ್ಳೆಯ ಕೆಲಸ ಯಾಕೆ ಮಾಡಬೇಕು? ಕ್ರಿಯೆಯಿಲ್ಲದ ನಂಬಿಕೆ ಸತ್ತದ್ದು ಅನ್ನುತ್ತದೆ ಯಾಕೋಬನ ಪತ್ರ. ನಂಬಿಕೆಯೊಂದೇ ಸಾಕು ಅಂದ ಜರ್ಮನ್ ಸುಧಾರಕ ಮಾರ್ಟಿನ್ ಲೂಥರ್‌ಗೆ ಆ ಪತ್ರ ಅಷ್ಟಾಗಿ ಹಿಡಿಸಲಿಲ್ಲ, 1522ರಲ್ಲಿ ಅದನ್ನು ಹುಲ್ಲಿನ ಪತ್ರ, ಅಂದರೆ ತೂಕವಿಲ್ಲದ್ದು, ಅಂದುಬಿಟ್ಟ. ಈ ವಿಷಯದಲ್ಲಿ ಕ್ಯಾಥೊಲಿಕರೂ ಲೂಥರ್‌ನ ಹಾದಿ ಹಿಡಿದ ಲೂಥರನ್ನರೂ ಒಟ್ಟಿಗೆ ಕೂತು ಒಂದು ಹೇಳಿಕೆಗೆ ಸಹಿ ಹಾಕಿದ್ದು 1999ರಲ್ಲಿ.