ಗುತ್ತಿಯ ನೀಲಿ ಜೇಡ

ಕೇಳುಗರಿಗೆ ನಮಸ್ಕಾರ.

ಬಳ್ಳಾರಿಯಿಂದ ರೈಲಿನಲ್ಲಿ ಹೊರಟು ಗುಂತಕಲ್ಲು ದಾಟಿದರೆ ಆಂಧ್ರದ ಗುತ್ತಿ ಎಂಬ ಊರು. ಅಲ್ಲಿನ ರೈಲ್ವೆಯ ಮರದ ದಾಸ್ತಾನಿನಲ್ಲಿ ಸಿಕ್ಕ ಒಂದು ಜೇಡಕ್ಕೆ 1899ರಲ್ಲಿ ಪೋಕಾಕ್ ಎಂಬ ಇಂಗ್ಲಿಷ್ ಪ್ರಾಣಿಶಾಸ್ತ್ರಜ್ಞ ಪೀಸಿಲೋಥೇರಿಯಾ ಮೆಟಾಲಿಕಾ ಎಂದು ಹೆಸರಿಟ್ಟ. ಕಾಲು ಚಾಚಿದರೆ ಅಂಗೈಗಿಂತಲೂ ಅಗಲ, ಮೈಗೆ ನವಿಲಿನ ಕೊರಳ ನೀಲಿ. ಮುಂದೆ ನೂರು ವರ್ಷ ಅದರ ಸುಳಿವೇ ಇರಲಿಲ್ಲ. 2001ರಲ್ಲಿ ನಂದ್ಯಾಲ, ಗಿದ್ದಲೂರುಗಳ ನಡುವಿನ ಕಾಡಿನಲ್ಲಿ ಮತ್ತೆ ಕಂಡಿತು. ಅದರ ನೆಲೆ ನೂರು ಚದರ ಕಿಲೋಮೀಟರಿಗೂ ಕಡಿಮೆ. 2008ರಿಂದ ಅಳಿವಿನ ಅಂಚಿನ ಜೀವಿಗಳ ಪಟ್ಟಿಯಲ್ಲಿದೆ.

ಇಷ್ಟು ಅಪರೂಪದ ಜೇಡ ಯೂರೋಪು, ಅಮೆರಿಕಗಳಲ್ಲಿ ಮಾತ್ರ ಮನೆಮನೆಯ ಗಾಜಿನ ಪೆಟ್ಟಿಗೆಗಳಲ್ಲಿ ಮರಿ ಹಾಕುತ್ತಿದೆ. ಅಲ್ಲಿನ ಹವ್ಯಾಸಿಗಳು ಜೋಡಿ ಆರಿಸುವ ಬಗೆಯ ಕುರಿತು ಇಂದು ಮಾತಾಡಬೇಕು.

ಮೊದಲು ಕೆಲಸದ ವಿಷಯ. ಹೆಣ್ಣೋ ಗಂಡೋ ಎಂದು ಎಳೆಯದರಲ್ಲಿ ಗುರುತಿಸಲು ಅದು ಕಳಚಿದ ಪೊರೆಯನ್ನು ನೆನೆಸಿ ಬಿಡಿಸಿ ಒಳಗೆ ವೀರ್ಯಕೋಶ, ಅಂದರೆ ಗಂಡಿನಿಂದ ಪಡೆದ ವೀರ್ಯವನ್ನು ಹೆಣ್ಣು ಕೂಡಿಡುವ ಚೀಲ, ಇದೆಯೇ ಎಂದು ನೋಡುತ್ತಾರೆ. ಆ ಕೋಶದ ಒಳಪದರವೂ ಪೊರೆಯ ಜೊತೆಗೇ ಕಳಚಿಹೋಗುತ್ತದೆ. ಆದ್ದರಿಂದ ಕೂಡಿದ ಮೇಲೆ ಹೆಣ್ಣು ಮೊಟ್ಟೆಯಿಡುವ ಮುನ್ನ ಪೊರೆ ಬಿಟ್ಟರೆ ಎಲ್ಲ ವ್ಯರ್ಥ. ಬಲ್ಲವರು ಹೆಣ್ಣು ಪೊರೆ ಬಿಟ್ಟು, ಹೊಟ್ಟೆತುಂಬ ತಿಂದು, ಮೈ ಗಟ್ಟಿಯಾದ ಮೇಲೆಯೇ ಗಂಡನ್ನು ಬಿಡುತ್ತಾರೆ. ಗಂಡು ಕಾಲಿನಿಂದ ಟಕಟಕ ತಟ್ಟಿ ಕೇಳುತ್ತದೆ, ಹೆಣ್ಣಿಗೆ ಒಪ್ಪಿಗೆಯಿದ್ದರೆ ಅದೂ ತಟ್ಟುತ್ತದೆ.

ಒಂದೇ ಮೊಟ್ಟೆಚೀಲದ ಗಂಡುಗಳು ಅಕ್ಕತಂಗಿಯರಿಗಿಂತ ಬೇಗ ಪ್ರಾಯಕ್ಕೆ ಬಂದು ಬೇಗ ಸಾಯುತ್ತವೆ. ಕಾಡಿನಲ್ಲಿ ಒಡಹುಟ್ಟಿದವು ಕೂಡದಂತೆ ಇದೂ ಒಂದು ತಡೆ ಎಂದು ನನಗನಿಸುತ್ತದೆ. ಪೆಟ್ಟಿಗೆಯಲ್ಲಿ ಗಂಡಿಗೆ ಮೇವು ಕಡಿಮೆ ಮಾಡಿ, ತಂಪಿನಲ್ಲಿಟ್ಟು ಬೆಳವಣಿಗೆ ತಡೆದು, ಹೆಣ್ಣಿಗೆ ಮೇವು ಹೆಚ್ಚಿಸಿ ಆ ತಡೆಯನ್ನು ಮುರಿಯಬಹುದು. ಸುಲಭವೆಂದು ಹಾಗೆ ಮಾಡುವವರಿದ್ದಾರೆ. ಅದು ನನಗೆ ಸರಿ ಕಾಣುವುದಿಲ್ಲ. ಬೇರೆ ಊರಿನ, ಬೇರೆ ವಂಶದ ಗಂಡನ್ನು ಎರವಲು ತರುವುದು ಕಷ್ಟವಾದರೂ ಅದೇ ದಾರಿ.

ಇನ್ನು ಬಣ್ಣ. ಹೆಚ್ಚು ನೀಲಿಯಾದದ್ದನ್ನೇ ಆರಿಸಿ ತಳಿ ಮಾಡುತ್ತೇವೆ ಎನ್ನುವವರು ಒಂದು ಸಂಗತಿ ಗಮನಿಸಬೇಕು. ಈ ನೀಲಿ, ಬಣ್ಣದ ಪುಡಿಯಿಂದ ಬಂದದ್ದಲ್ಲ; ಕೂದಲಿನ ಸೂಕ್ಷ್ಮ ರಚನೆ ನೀಲಿ ಬೆಳಕನ್ನೇ ಹೆಚ್ಚಾಗಿ ಪ್ರತಿಫಲಿಸುವುದರಿಂದ ಬಂದದ್ದು. ಪೊರೆ ಬಿಟ್ಟ ಹೊಸದರಲ್ಲಿ ಯಾವ ಜೇಡವೂ ಝಗಮಗಿಸುತ್ತದೆ, ಕೂದಲು ಸವೆದಂತೆ ಮಂಕಾಗುತ್ತದೆ. ಫೋಟೋ ನೋಡಿ ಆರಿಸಿದವರು ಎಷ್ಟೋ ಸಲ ಆರಿಸಿದ್ದು ವಂಶವನ್ನಲ್ಲ, ಪೊರೆ ಬಿಟ್ಟ ವಾರವನ್ನು!

ನಮ್ಮ ಹಳ್ಳಿಕಾರ್ ರೈತ ಬೀಜದ ಹೋರಿ ಆರಿಸುವಾಗ ತಾಯಿಯನ್ನೂ ನೋಡುತ್ತಾನೆ, ನಡಿಗೆ, ಗೊರಸು, ಕೊಂಬು ಎಲ್ಲವನ್ನೂ ನೋಡುತ್ತಾನೆ. ಆ ಹೋರಿ ತಲೆತಲಾಂತರದಿಂದ ಮನುಷ್ಯನ ಹಟ್ಟಿಯಲ್ಲಿ ಬೆಳೆದದ್ದು. ಜೇಡ ಇನ್ನೂ ಕಾಡಿನದೇ. ಅದನ್ನು ನಮ್ಮ ಕಣ್ಣಿಗೆ ತಕ್ಕಂತೆ ತಿದ್ದಬಾರದು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಹತ್ತಿರದ ಇನ್ನೊಂದು ಪ್ರಭೇದದೊಡನೆ ಬೆರೆಸುವುದಂತೂ ಕೂಡದು. ಎರಡು ತಲೆಮಾರು ಕಳೆದರೆ ಬೆರಕೆ ಮರಿ ಶುದ್ಧ ಮರಿಯ ಹೆಸರಿನಲ್ಲೇ ಮಾರಾಟವಾಗುತ್ತದೆ, ಕಣ್ಣಿನಿಂದ ಗುರುತಿಸಲಾಗದು. ಮೆಕ್ಸಿಕೋದ ಕೆಂಪು ಮಂಡಿಯ ಜೇಡ ಎಂದು ದಶಕಗಳ ಕಾಲ ಸಾಕಿದ್ದು ನಿಜಕ್ಕೂ ಎರಡು ಪ್ರಭೇದಗಳು ಎಂದು 2017ರಲ್ಲಿ ಸ್ಪಷ್ಟವಾಯಿತು. ಅಷ್ಟರೊಳಗೆ ಎಷ್ಟು ಪೆಟ್ಟಿಗೆಗಳಲ್ಲಿ ಅವು ತಿಳಿಯದೆ ಬೆರೆತಿದ್ದವೋ!

ಸಾಕಿದ ಮರಿಗಳನ್ನು ಕಾಡಿಗೆ ಬಿಟ್ಟರಾಯಿತಲ್ಲ ಎಂದು ಕೇಳುವವರಿದ್ದಾರೆ. ಹುಟ್ಟು ತಿಳಿಯದ, ವಂಶದ ಲೆಕ್ಕ ಬರೆದಿಡದ ಮರಿಯನ್ನು ಯಾವ ಧೈರ್ಯದಿಂದ ಬಿಡುವುದು? ಬಿಡುವುದೆಲ್ಲಿಗೆ? ಈ ಜೇಡ ನೆಲದಲ್ಲಿ ಬಿಲ ತೋಡುವುದಿಲ್ಲ. ಹಳೆಯ ಮರದ ಪೊಟರೆ ಅದರ ಮನೆ. ನಂದ್ಯಾಲದ ಕಾಡಿನಲ್ಲಿ ಸೌದೆಗೂ ಮರಮುಟ್ಟಿಗೂ ಕಡಿದುಹೋಗುತ್ತಿರುವುದು ಅಂಥ ಮರಗಳೇ.

ನಮಸ್ಕಾರ.