ತಗಡಿನ ಕಾರಿನ ಜಾತಕ ಅಡಿಯಲ್ಲಿದೆ

ಈ ಕಾರನ್ನ ಬೋರಲಾಗಿ ಹಿಡಿತೀನಿ, ನೋಡಿ. ಜಪಾನಿನ ಹಳೇ ತಗಡಿನ ಆಟಿಕೆ ಕಾರು ಕೈಗೆ ಸಿಕ್ಕರೆ ಎಲ್ಲರೂ ಮೊದಲು ಬಣ್ಣ ನೋಡ್ತಾರೆ, ಬಾನೆಟ್ ನೋಡ್ತಾರೆ. ನಾನು ಮೊದಲು ನೋಡೋದು ಅಡಿ. ಅದರ ಜಾತಕ ಪೂರ್ತಿ ಅಲ್ಲೇ ಇರುತ್ತೆ.

ಇದು ಬಂದಾಯ್ ಕಂಪನಿಯ ಫೋಕ್ಸ್‌ವ್ಯಾಗನ್ ಬೀಟಲ್. ಕ್ಯಾಮೆರಾ ಹತ್ತಿರ ತರ್ತೀನಿ. ಅಂಚಿನುದ್ದಕ್ಕೂ ಪುಟ್ಟ ಪುಟ್ಟ ತಗಡಿನ ನಾಲಿಗೆಗಳು ಕಾಣ್ತಿವೆಯಾ? ಮೇಲಿನ ಬಾಡಿಯಿಂದ ಇಳಿದ ನಾಲಿಗೆ ಕೆಳಗಿನ ತಟ್ಟೆಯ ಸೀಳಿನಲ್ಲಿ ತೂರಿ, ಮಡಚಿ ಕೂತಿದೆ. ಬಾಡಿ ನಿಂತಿರೋದೇ ಈ ಮಡಿಕೆಗಳ ಮೇಲೆ. ಕಾರು ಕೊಳ್ಳೋ ಮುಂಚೆ ಇಲ್ಲಿ ಬೆರಳಾಡಿಸಿ. ಕಾರ್ಖಾನೆಯಲ್ಲಿ ಒಮ್ಮೆ ಮಡಚಿದ್ದು ನಯವಾಗಿರುತ್ತೆ. ಯಾರಾದ್ರೂ ಬಿಚ್ಚಿ ಮತ್ತೆ ಮಡಚಿದ್ರೆ ಎರಡನೇ ಗೆರೆ ಬೀಳುತ್ತೆ, ಬಣ್ಣ ಎದ್ದಿರುತ್ತೆ. ಮತ್ತೆ ಮತ್ತೆ ಎಬ್ಬಿಸಿದ್ರೆ ನಾಲಿಗೆ ಮುರಿದೇ ಹೋಗುತ್ತೆ.

ಈಗ ಕಿಟಕಿಯೊಳಗೆ ಇಣುಕಿ. ಸೀಟಿನ ಹೊಲಿಗೆ, ಡ್ಯಾಶ್‌ಬೋರ್ಡಿನ ಮುಳ್ಳು, ಎಲ್ಲಾ ಮುದ್ರಣ. ತಗಡು ಇನ್ನೂ ಚಪ್ಪಟೆ ಹಾಳೆಯಾಗಿದ್ದಾಗಲೇ ಅದರ ಮೇಲೆ ಲಿಥೋ ಮುದ್ರಣ ಮಾಡಿ, ಆಮೇಲೆ ಅಚ್ಚಿಗೆ ಹಾಕಿ ಒತ್ತುತ್ತಿದ್ರು. ಅಂದ್ರೆ ಚಿತ್ರ ಬರೆದವನಿಗೆ ಹಾಳೆ ಎಲ್ಲಿ ಬಾಗುತ್ತೆ, ಎಷ್ಟು ಹಿಗ್ಗುತ್ತೆ ಅನ್ನೋದು ಮೊದಲೇ ಗೊತ್ತಿರಬೇಕು. ಒತ್ತಿದ ಮೇಲೂ ಗೆರೆ ಗೆರೆಗೆ ಸೇರಿದೆ ನೋಡಿ. ಮಗು ಎರಡು ದಿನ ಆಡಿ ಬಿಸಾಡಬಹುದಾದ ವಸ್ತುವಿಗೆ ಇಷ್ಟೊಂದು ನಿಗಾ! ನನಗೆ ಈ ಹುಚ್ಚು ಹತ್ತಿದ್ದೇ ಇದಕ್ಕೆ.

ಈ ಕೆಲಸಕ್ಕೆ ಯುದ್ಧದ ನಂತರ ಮತ್ತೆ ಜೀವ ಬಂದದ್ದು ಒಂದು ಜೀಪಿನಿಂದ. 1945ರ ಕೊನೆ, ಜಪಾನ್ ಸೋತು ಕೆಲವೇ ತಿಂಗಳು. ಬಿವಾ ಸರೋವರದ ದಡದ ಓಟ್ಸು ಊರಲ್ಲಿ ಮಾಟ್ಸುಜೋ ಕೊಸುಗೆ ಅನ್ನೋ ಆಟಿಕೆ ತಯಾರಕರು, ರಸ್ತೆಯಲ್ಲಿ ಓಡಾಡ್ತಿದ್ದ ಅಮೆರಿಕ ಸೇನೆಯ ಜೀಪನ್ನ ನೋಡಿ ಅದೇ ರೂಪದ ಆಟಿಕೆ ಮಾಡಿದ್ರು. ಹೊಸ ತಗಡು ಎಲ್ಲಿಂದ ಬರಬೇಕು? ಆ ಸೇನೆಯೇ ತಿಂದು ಎಸೆದ ಡಬ್ಬಿಗಳನ್ನ ಬಳಸಿಕೊಂಡ್ರು. ಡಿಸೆಂಬರಲ್ಲಿ ಕ್ಯೋಟೋದ ಅಂಗಡಿಯಲ್ಲಿ 10 ಯೆನ್‌ಗೆ ಮಾರಾಟಕ್ಕೆ ಇಟ್ಟರು, ಜನ ಮುಗಿಬಿದ್ರು. ಊಟಕ್ಕೇ ತತ್ವಾರ ಇದ್ದ ಆ ಚಳಿಗಾಲದಲ್ಲಿ, ಗೆದ್ದವರ ಡಬ್ಬಿಯಿಂದ ಗೆದ್ದವರ ಜೀಪು ಮಾಡಿ ಸೋತವರ ಮಕ್ಕಳ ಕೈಗೆ ಕೊಟ್ಟರಲ್ಲ, ಇದನ್ನ ಯೋಚಿಸಿದಾಗೆಲ್ಲ ನನಗೆ ಆ ಮನುಷ್ಯನ ಮೇಲೆ ಗೌರವ ಉಕ್ಕುತ್ತೆ.

ಮುಂದಿನ ಅಧ್ಯಾಯಕ್ಕೆ ಮತ್ತೆ ಅಡಿಯನ್ನೇ ನೋಡಬೇಕು. ‘ಮೇಡ್ ಇನ್ ಆಕ್ಯುಪೈಡ್ ಜಪಾನ್’ (ಗೆದ್ದವರ ಹಿಡಿತದಲ್ಲಿರೋ ಜಪಾನಲ್ಲಿ ತಯಾರಾದದ್ದು) ಅಂತ ಅಚ್ಚಿದ್ರೆ, ಅದು 1947ರಲ್ಲಿ ಖಾಸಗಿ ರಫ್ತು ಮತ್ತೆ ಶುರುವಾದ ಮೇಲೆ, 1952ರಲ್ಲಿ ಅಮೆರಿಕದ ಆಡಳಿತ ಮುಗಿಯೋ ಮುಂಚಿನ ಕಾರು. ಬರೀ ‘ಜಪಾನ್’ ಅಂತಿದ್ರೆ ಸಾಮಾನ್ಯವಾಗಿ ಆಮೇಲಿನದು. ಪಕ್ಕದಲ್ಲಿ ತಯಾರಕರ ಗುರುತು: ವಜ್ರಾಕೃತಿಯೊಳಗೆ ‘ಟಿ.ಎನ್.’ ಇದ್ರೆ ನೊಮುರಾ, ಬೆಟ್ಟದ ಚಿತ್ರ ಇದ್ರೆ ಆಲ್ಪ್ಸ್. ಹೆಚ್ಚಿನ ಕಾರುಗಳು ಹೋಗ್ತಿದ್ದದ್ದು ಅಮೆರಿಕದ ಅಂಗಡಿಗಳಿಗೆ. ಅದಕ್ಕೇ ಟೋಕಿಯೋದ ಸಣ್ಣ ಸಣ್ಣ ವರ್ಕ್‌ಶಾಪುಗಳಲ್ಲಿ ಕ್ಯಾಡಿಲಾಕ್, ಬ್ಯೂಕ್, ಫೋರ್ಡ್ ತಯಾರಾದವು.

ಆ ಕಾಲದ ರಾಜ ಅಂದ್ರೆ ಮಾರುಸಾನ್ ಕಂಪನಿಯ ಕ್ಯಾಡಿಲಾಕ್. ಉದ್ದ 30 ಸೆಂಟಿಮೀಟರಿಗೂ ಸ್ವಲ್ಪ ಜಾಸ್ತಿ, ಮುಂದೆ ಹೊಳೆಯೋ ದಪ್ಪ ಗ್ರಿಲ್. ಅದು ನನ್ನ ಕೈಗೆಟುಕೋ ಬೆಲೆ ಅಲ್ಲ. ಇಂಥ ಆಟಿಕೆಗಳನ್ನ ಕಣ್ತುಂಬ ನೋಡಬೇಕಂದ್ರೆ ಯೊಕೊಹಾಮಾದ ಯಮಾಟೆ ಗುಡ್ಡದ ಮೇಲೆ ತೆರುಹಿಸಾ ಕಿತಾಹಾರ ಅವರ ತಗಡಿನ ಆಟಿಕೆ ಮ್ಯೂಸಿಯಂ ಇದೆ. 1986ರಲ್ಲಿ ಶುರುವಾದದ್ದು. ನನ್ನ ಪ್ರಕಾರ ಈ ಹವ್ಯಾಸದಲ್ಲಿ ಅವರಷ್ಟು ದೊಡ್ಡ ಹೆಸರು ಇನ್ನೊಂದಿಲ್ಲ.

ಆಮೇಲೆ ಪ್ಲಾಸ್ಟಿಕ್ ಬಂತು, ಕರಗಿಸಿದ ಲೋಹವನ್ನ ಅಚ್ಚಿಗೆ ತುಂಬಿ ಮಾಡೋ ಡೈಕಾಸ್ಟ್ ಬಂತು. ಜಪಾನಲ್ಲಿ ಕೂಲಿ ಏರಿತು, ಚೂಪು ಅಂಚಿನ ತಗಡು ಮಕ್ಕಳ ಕೈಗೆ ಬೇಡ ಅಂತಾಯ್ತು. 70ರ ದಶಕದಲ್ಲಿ ಈ ಕಸುಬು ಇಳಿದೇ ಹೋಯ್ತು.

ಕೊಳ್ಳೋ ಆಸೆ ಇರೋರಿಗೆ ನನ್ನ ಒಂದು ಮಾತು: ಬಣ್ಣ ಹೋದ ಕಾರಿಗೆ ಹೊಸ ಬಣ್ಣ ಬಳಿಬೇಡಿ. ಡಬ್ಬದಿಂದ ಈಚೆಗೇ ಬರದ ಕಾರಿಗೆ ಜಾಸ್ತಿ ದುಡ್ಡು, ನಿಜ. ನನಗೆ ಬೇಕಾಗಿರೋದು ಆಡಿದ ಕಾರು. ಇದರ ಚಾವಣಿ ನೋಡಿ, ಎರಡೂ ಪಕ್ಕ ಬಣ್ಣ ಸವೆದಿದೆ. ನೆಲಕ್ಕೆ ಉಜ್ಜಿ ಬಿಡೋ ಕಾರನ್ನ ಮಗು ಹಿಡಿಯೋದೇ ಅಲ್ಲಿ. ಉಜ್ಜಿದಾಗ ಒಳಗಿನ ಭಾರದ ಚಕ್ರ ತಿರುಗುತ್ತೆ, ಕೈ ಬಿಟ್ಟ ಮೇಲೂ ಅದರ ರಭಸಕ್ಕೆ ಕಾರು ಓಡುತ್ತೆ. ಕೇಳಿ, ‘ಜುಂಯ್’ ಅಂತ ಈಗಲೂ ಹೇಗೆ ಓಡ್ತಿದೆ!

ಬ್ಯಾಟರಿ ಕಾರಾದ್ರೆ ಸೆಲ್ ಹಾಕೋ ಜಾಗದ ಮುಚ್ಚಳ ತೆಗೆಸಿ ನೋಡದೆ ದುಡ್ಡು ಕೊಡಬೇಡಿ, ಸೋರಿದ ಸೆಲ್ಲು ತಗಡನ್ನ ತಿಂದಿರುತ್ತೆ. ಇನ್ನು ಮಂಗಳೂರು, ಕಾರವಾರದ ಕಡೆಯವರು ಕೇಳಿಸಿಕೊಳ್ಳಿ. ಇದು ತವರದ ಕಲಾಯಿ ಮಾಡಿದ ಉಕ್ಕು. ಕಲಾಯಿ ಕಿತ್ತ ಕಡೆ ಮಳೆಗಾಲದಲ್ಲಿ ತುಕ್ಕು ಹಿಡಿಯದೆ ಬಿಡಲ್ಲ. ಒದ್ದೆ ಬಟ್ಟೆಯಲ್ಲಿ ಒರೆಸಬೇಡಿ. ಗಾಜಿನ ಕಪಾಟಿನಲ್ಲಿಟ್ಟು, ಜೊತೆಗೆ ಸಿಲಿಕಾ ಜೆಲ್ ಪೊಟ್ಟಣ ಹಾಕಿ, ತೇವ ಹೀರಿದ ಮೇಲೆ ಅದನ್ನ ಬದಲಾಯಿಸ್ತಾ ಇರಿ.