ಹಳೆಯ ಸ್ಪೋರ್ಟ್ಸ್ ಕಾರಿನ ಕಿಡಿ ಎಲ್ಲಿ ತಪ್ಪಿಹೋಯಿತು?

ಕೇಳುಗರಿಗೆ ನಮಸ್ಕಾರ.

ಹಳೆಯ ಸ್ಪೋರ್ಟ್ಸ್ ಕಾರು ಇಟ್ಟುಕೊಂಡವರು ಕೇಳುತ್ತಿದ್ದೀರಿ ಅಂದುಕೊಂಡೇ ಮಾತಾಡುತ್ತೇನೆ. ಎಂಜಿಬಿ ಇರಬಹುದು, ಟ್ರಯಂಫ್ ಸ್ಪಿಟ್‌ಫೈರ್ ಇರಬಹುದು, ಆ ಕಾಲದ ಇನ್ಯಾವುದೋ ಎರಡು ಸೀಟಿನ ಕಾರು ಇರಬಹುದು. ಚೆನ್ನಾಗಿಯೇ ಓಡುತ್ತಿರುತ್ತದೆ. ಇದ್ದಕ್ಕಿದ್ದ ಹಾಗೆ ಜರ್ಕ್ ಹೊಡೆಯುತ್ತದೆ, ಮಿಸ್ಸಿಂಗ್ ಶುರುವಾಗುತ್ತದೆ, ಒಂದೊಂದು ಸಲ ನಿಂತೇ ಹೋಗುತ್ತದೆ. ಸ್ವಲ್ಪ ಹೊತ್ತು ಬಿಟ್ಟು ಕೀ ತಿರುಗಿಸಿದರೆ ಏನೂ ನಡೆದೇ ಇಲ್ಲವೇನೋ ಅನ್ನುವಂತೆ ಸ್ಟಾರ್ಟ್ ಆಗುತ್ತದೆ.

ಆಗ ನೀವು ಏನು ಮಾಡುತ್ತೀರಿ? ಕಿಡಿಗೆ ಬೇಕಾದ ಜಾಸ್ತಿ ವೋಲ್ಟ್ ಹುಟ್ಟಿಸುವ ಕಾಯಿಲ್ ಇದೆಯಲ್ಲ, ಅದನ್ನು ಹೊಸದು ತರುತ್ತೀರಿ. ಅದಕ್ಕೂ ಬಗ್ಗದಿದ್ದರೆ ಕಂಡೆನ್ಸರ್. ಆಮೇಲೆ ಕಾಯಿಲ್ ಕರೆಂಟನ್ನು ಸೇರಿಸಿ ಕಡಿಯುವ ಸಣ್ಣ ಸ್ವಿಚ್ಚಾದ ಪಾಯಿಂಟ್, ಪ್ಲಗ್, ಪ್ಲಗ್ ವೈರ್. ಅಷ್ಟಾದ ಮೇಲೂ ಕಾರು ನಿಂತರೆ ಕಾರ್ಬುರೇಟರ್ ಬಿಚ್ಚುತ್ತೀರಿ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರಂತೆ, ಹಾಗಾಯಿತು ಇದು.

ನಾನು ಇವತ್ತು ಹೇಳುವುದು ಒಂದೇ ಮಾತು. ಅಳೆಯದೆ ಏನನ್ನೂ ಬದಲಿಸಬೇಡಿ. ಅಳೆಯುವಾಗ ವೈರಿನಲ್ಲಿ ಕರೆಂಟ್ ಹರಿಯುತ್ತಿರಬೇಕು.

ಕಿಡಿ ಹುಟ್ಟಿಸುವ ಈ ಇಗ್ನಿಷನ್ ವ್ಯವಸ್ಥೆ ತುಂಬಾ ಸರಳ. ಚಾರ್ಲ್ಸ್ ಕೆಟರಿಂಗ್ ಎಂಬ ಅಮೆರಿಕದ ಎಂಜಿನಿಯರ್ ರೂಪಿಸಿದ್ದು. 1910ರ ಕ್ಯಾಡಿಲಾಕ್ ಕಾರಿಗೆ ಬಂತು, ಆಮೇಲೆ ಅರ್ಧ ಶತಮಾನಕ್ಕೂ ಜಾಸ್ತಿ ಕಾಲ ಹೆಚ್ಚುಕಡಿಮೆ ಹಾಗೆಯೇ ನಡೆಯಿತು. ಬ್ಯಾಟರಿಯಿಂದ ಕೀಗೆ, ಕೀಯಿಂದ ಕಾಯಿಲ್‌ಗೆ, ಕಾಯಿಲ್‌ನಿಂದ ಪ್ಲಗ್ಗುಗಳಿಗೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರ್ ಒಳಗಿನ ಪಾಯಿಂಟ್‌ಗೆ, ಅಲ್ಲಿಂದ ಎಂಜಿನ್ನಿನ ಲೋಹದ ಮೈಗೆ. ಕರೆಂಟಿನ ದಾರಿ ಇಷ್ಟೇ. ಪಾಯಿಂಟ್ ಮುಚ್ಚಿದಾಗ ಕಾಯಿಲ್ ತುಂಬಿಕೊಳ್ಳುತ್ತದೆ. ಪಾಯಿಂಟ್ ತೆರೆದ ಕ್ಷಣ 12 ವೋಲ್ಟ್ ಹೋಗಿ 20,000 ವೋಲ್ಟಿನಷ್ಟಾಗಿ ಪ್ಲಗ್ಗಿನಲ್ಲಿ ಕಿಡಿ ಹಾರುತ್ತದೆ. ನಾಲ್ಕು ಸಿಲಿಂಡರ್ ಎಂಜಿನ್ ನಿಮಿಷಕ್ಕೆ 3,000 ಸುತ್ತು ತಿರುಗುತ್ತಿದ್ದರೆ ಸೆಕೆಂಡಿಗೆ 100 ಕಿಡಿ. ಯೋಚನೆ ಮಾಡಿ! ಇಷ್ಟು ಕೆಲಸ ಮಾಡುವ ದಾರಿಯಲ್ಲಿ ಒಂದು ಸ್ಕ್ರೂ ಸಡಿಲವಾದರೂ ಸಾಕು.

ಈಗ ಅಳತೆ. ಕಾಯಿಲ್‌ನ ಮೇಲೆ ಎರಡು ಸಣ್ಣ ತುದಿಗಳಿವೆ. ಒಂದು ಕೀ ಕಡೆಯದು, ಇನ್ನೊಂದು ಡಿಸ್ಟ್ರಿಬ್ಯೂಟರ್ ಕಡೆಯದು. ಎಂಜಿನ್ನನ್ನು ಕೈಯಲ್ಲಿ ತಿರುಗಿಸಿ, ಪಾಯಿಂಟ್ ಮುಚ್ಚಿಕೊಳ್ಳುವ ಜಾಗಕ್ಕೆ ತನ್ನಿ. ಇಗ್ನಿಷನ್ ಆನ್ ಮಾಡಿ. ಮಲ್ಟಿಮೀಟರಿನ ಒಂದು ಕಡ್ಡಿ ಎಂಜಿನ್ನಿನ ಬರಿಯ ಲೋಹಕ್ಕೆ ತಾಗಲಿ. ಇನ್ನೊಂದನ್ನು ಕೀ ಕಡೆಯ ತುದಿಗೆ ಇಟ್ಟರೆ ಬ್ಯಾಟರಿಯಲ್ಲಿ ಇರುವಷ್ಟೇ ವೋಲ್ಟ್ ಬರಬೇಕು, ಅರ್ಧ ವೋಲ್ಟ್ ಕಡಿಮೆಯಾದರೂ ಪರವಾಗಿಲ್ಲ. ಡಿಸ್ಟ್ರಿಬ್ಯೂಟರ್ ಕಡೆಯ ತುದಿಗೆ ಇಟ್ಟರೆ ಸೊನ್ನೆಯ ಹತ್ತಿರ ಇರಬೇಕು. ಪಾಯಿಂಟನ್ನು ಬೆರಳಿನಿಂದ ತೆರೆಯಬೇಡಿ, ಒಂದು ಪ್ಲಾಸ್ಟಿಕ್ ಕಡ್ಡಿಯಿಂದ ತೆರೆಯಿರಿ. ಆಗ ಅದೇ ತುದಿಯಲ್ಲಿ ಪೂರ್ತಿ 12 ವೋಲ್ಟ್ ಬರಬೇಕು. ಮುಗಿಯಿತು. ಈ ಮೂರು ಅಂಕಿ ಸರಿ ಬಂದರೆ ಬ್ಯಾಟರಿಯಿಂದ ಪಾಯಿಂಟ್ ತನಕ ದಾರಿ ಆ ಹೊತ್ತಿಗೆ ಸರಿ ಇದೆ.

ಪಾಯಿಂಟ್ ಮುಚ್ಚಿರಬೇಕು ಅಂತ ಯಾಕೆ ಒತ್ತಿ ಹೇಳುತ್ತೇನೆ ಗೊತ್ತಾ? ಪಾಯಿಂಟ್ ತೆರೆದಿದ್ದರೆ ಕರೆಂಟ್ ಹರಿಯುವುದಿಲ್ಲ. ವೈರಿನ ಒಳಗೆ ಒಂದೇ ಒಂದು ಎಳೆ ಉಳಿದಿದ್ದರೂ ಮೀಟರ್ 12 ವೋಲ್ಟ್ ತೋರಿಸುತ್ತದೆ. ನೀವು ‘ಸರಿ ಇದೆ’ ಅಂತ ಬಾನೆಟ್ ಮುಚ್ಚುತ್ತೀರಿ. ಪಾಯಿಂಟ್ ಮುಚ್ಚಿದರೆ ಸುಮಾರು 4 ಆಂಪಿಯರ್ ಹರಿಯುತ್ತದೆ. ತುಕ್ಕು ಹಿಡಿದ ಒಂದು ಕನೆಕ್ಷನ್ ಬರೀ ಅರ್ಧ ಓಮ್ ತಡೆ ಒಡ್ಡಿದರೂ ಒಂದೂವರೆ ವೋಲ್ಟಿಗಿಂತ ಜಾಸ್ತಿ ಅಲ್ಲೇ ಮಾಯ. ಕರೆಂಟ್ ಹರಿಯುವಾಗ ಅಳೆದರೆ ಮಾತ್ರ ಅದು ಸಿಕ್ಕಿಬೀಳುತ್ತದೆ.

ಇಲ್ಲಿ ಒಂದು ಕಾರಿನ ಕಥೆ ಹೇಳಲೇಬೇಕು. ನನಗೆ ತುಂಬಾ ಇಷ್ಟವಾದ ಕೇಸು. ಗೆಳೆಯರೊಬ್ಬರ ಕಾರು, ಮೇಲಿನ ಟಾಪ್ ಮಡಚುವಂಥದ್ದು. ಅದರ ಕಾಯಿಲೆ ವಿಚಿತ್ರ. ನಿಂತಲ್ಲಿ ಎಂಜಿನ್ ಗಡಿಯಾರದ ಹಾಗೆ ನಡೆಯುತ್ತದೆ. ಏರು ಹತ್ತುವಾಗ ಆಕ್ಸಿಲರೇಟರ್ ಪೂರ್ತಿ ಒತ್ತಿದರೆ ಗರ್ಜಿಸಿಕೊಂಡು ಹೋಗುತ್ತದೆ. ಸಮತಟ್ಟಾದ ರಸ್ತೆಯಲ್ಲಿ ಒಂದೇ ವೇಗದಲ್ಲಿ ಹಾಯಾಗಿ ಹೋಗುತ್ತಿದ್ದರೆ ಮಾತ್ರ ಫಕ್ ಅಂತ ಸತ್ತುಹೋಗುತ್ತದೆ! ಕಾಲು ತೆಗೆದರೆ ಮತ್ತೆ ಜೀವ. ಗ್ಯಾರೇಜಿಗೆ ತಂದರೆ ಏನೂ ಇಲ್ಲ. ಅವರು ಅಷ್ಟರಲ್ಲಿ ಕಾಯಿಲ್, ಕಂಡೆನ್ಸರ್, ಪ್ಲಗ್, ಪೆಟ್ರೋಲ್ ಪಂಪ್ ಎಲ್ಲಾ ಬದಲಿಸಿ ಆಗಿತ್ತು. ಹಳೆಯ ಪಾರ್ಟುಗಳನ್ನು ಒಂದು ಡಬ್ಬದಲ್ಲಿ ತಂದು ತೋರಿಸಿದರು. ಎಲ್ಲವೂ ಚೆನ್ನಾಗಿದ್ದ ಪಾರ್ಟುಗಳೇ.

ನಾನು ಅವರ ಪಕ್ಕ ಕೂತೆ. ‘ರೋಡ್ ನೋಡಿ ಓಡಿಸಿ, ಮೀಟರ್ ನಾನು ನೋಡುತ್ತೇನೆ’ ಅಂದೆ. ಎಂಜಿನ್ ಸುತ್ತು ತೋರಿಸುವ ಟ್ಯಾಕೋಮೀಟರ್ ಇದೆಯಲ್ಲ, ಅದು. ಇಂಥ ಹಲವು ಕಾರುಗಳಲ್ಲಿ ಆ ಮುಳ್ಳು ಕುಣಿಯುವುದು ಕಾಯಿಲ್‌ನ ಕರೆಂಟಿನಿಂದಲೇ. ಕಾರು ಜರ್ಕ್ ಹೊಡೆಯಿತು. ಗೇರಿನಲ್ಲೇ ಇದ್ದೇವೆ, ಚಕ್ರ ತಿರುಗುತ್ತಿದೆ, ಎಂಜಿನ್ ತಿರುಗುತ್ತಲೇ ಇದೆ. ಮುಳ್ಳು ಮಾತ್ರ ದಡಕ್ಕನೆ ಸೊನ್ನೆಗೆ ಬಿತ್ತು! ಪೆಟ್ರೋಲ್ ನಿಂತಿದ್ದರೆ ಮುಳ್ಳು ಎಂಜಿನ್ನಿನ ಜೊತೆಗೇ ನಿಧಾನವಾಗಿ ಇಳಿಯುತ್ತಿತ್ತು. ಅಂದರೆ ಕಾಯಿಲ್‌ಗೆ ಬರುವ ಕಡೆಯೋ ಪಾಯಿಂಟ್ ಕಡೆಯೋ ಕರೆಂಟೇ ಕಡಿದಿದೆ. ಪ್ಲಗ್ಗಿಗೂ ಕಾರ್ಬುರೇಟರಿಗೂ ಇದಕ್ಕೂ ಸಂಬಂಧವೇ ಇಲ್ಲ.

ಸರಿ, ಒಂದೇ ವೇಗದಲ್ಲಿ ಹೋಗುವಾಗಲೇ ಯಾಕೆ? ಡಿಸ್ಟ್ರಿಬ್ಯೂಟರಿನ ಪಕ್ಕದಲ್ಲಿ ಒಂದು ದುಂಡನೆಯ ಡಬ್ಬಿ ಇರುತ್ತದೆ, ಅದಕ್ಕೊಂದು ಸಣ್ಣ ಪೈಪು. ಅದು ವ್ಯಾಕ್ಯೂಮ್ ಅಡ್ವಾನ್ಸ್. ಹಗುರವಾಗಿ ಓಡಿಸುವಾಗ ಎಂಜಿನ್ನಿನ ಸೆಳೆತ ಆ ಪೈಪಿನ ಮೂಲಕ ಪಾಯಿಂಟ್ ಕೂತಿರುವ ಪ್ಲೇಟನ್ನು ಸ್ವಲ್ಪ ತಿರುಗಿಸುತ್ತದೆ. ಆಕ್ಸಿಲರೇಟರ್ ಪೂರ್ತಿ ಒತ್ತಿದರೆ ಸೆಳೆತ ಇಲ್ಲ. ಈ ಕಾರಿನಲ್ಲಿ ನಿಂತಲ್ಲಿ ನಡೆಯುವಾಗಲೂ ಇಲ್ಲ. ಈಗ ಹೊಳೆಯಿತಲ್ವಾ?

ಗ್ಯಾರೇಜಿಗೆ ವಾಪಸ್ ಬಂದೆವು. ಇಗ್ನಿಷನ್ ಆನ್, ಪಾಯಿಂಟ್ ಮುಚ್ಚಿದೆ, ಮೀಟರ್ ಡಿಸ್ಟ್ರಿಬ್ಯೂಟರ್ ಕಡೆಯ ತುದಿಯಲ್ಲಿ. ಸೊನ್ನೆ. ಸರಿಯೇ ಇದೆ. ಆ ಸಣ್ಣ ಪೈಪನ್ನು ಕಾರ್ಬುರೇಟರಿನಿಂದ ಬಿಡಿಸಿ, ಬಾಯಲ್ಲಿಟ್ಟು ಎಳೆದೆ. ಪ್ಲೇಟ್ ತಿರುಗಿತು. ಪಾಯಿಂಟ್ ಮುಚ್ಚಿಯೇ ಇತ್ತು. ಆದರೆ ಮೀಟರ್ 12ಕ್ಕೆ ಹಾರಿತು! ಬಿಟ್ಟೆ, ಸೊನ್ನೆ. ಎಳೆದೆ, 12. ನನಗಾದ ಖುಷಿ ಹೇಳತೀರದು. ಡಿಸ್ಟ್ರಿಬ್ಯೂಟರ್ ಒಳಗೆ ಬೆರಳುದ್ದದ ಒಂದು ಮೆತ್ತನೆಯ ವೈರು ಇರುತ್ತದೆ. ಪ್ಲೇಟ್ ಆಡಿದಾಗಲೆಲ್ಲ ಅದೂ ಬಾಗಬೇಕು. ಹೊರಗಿನ ಹೊದಿಕೆ ಚೆನ್ನಾಗಿಯೇ ಇತ್ತು, ಒಳಗೆ ತಾಮ್ರದ ಎಳೆಗಳು ಎಲ್ಲವೂ ತುಂಡಾಗಿದ್ದವು. ಪ್ಲೇಟ್ ನೆಟ್ಟಗಿದ್ದರೆ ತುದಿಗೆ ತುದಿ ತಾಗುತ್ತಿತ್ತು, ತಿರುಗಿದರೆ ಬಿಟ್ಟುಹೋಗುತ್ತಿತ್ತು. ಕಣ್ಣಿಗೆ ಕಾಣುವ ತಪ್ಪಲ್ಲ ಅದು. ಅಳೆದಿದ್ದಕ್ಕೆ ಸಿಕ್ಕಿತು. ಅಲ್ಲಿಗೆ ಹಾಕುವ ವೈರು ತುಂಬಾ ಸಣ್ಣ ಸಣ್ಣ ಎಳೆಗಳದ್ದೇ ಆಗಬೇಕು. ಮಾಮೂಲಿ ದಪ್ಪ ವೈರು ಹಾಕಿದರೆ ಅದೂ ಮುರಿಯುತ್ತದೆ.

ಸಮಯ ಜಾಸ್ತಿ ಉಳಿದಿಲ್ಲ ಅಂತ ಗಾಜಿನ ಆಚೆಯಿಂದ ಸನ್ನೆ ಬರುತ್ತಿದೆ. ಉಳಿದದ್ದನ್ನು ಬೇಗ ಹೇಳಿಬಿಡುತ್ತೇನೆ.

ಕೀ ತಿರುಗಿಸಿ ಸ್ಟಾರ್ಟರ್ ಓಡುವಾಗ ಎಂಜಿನ್ ಹತ್ತಿಕೊಂಡು, ಕೀ ಬಿಟ್ಟ ಕೂಡಲೇ ಸತ್ತರೆ ಬ್ಯಾಲಸ್ಟ್ ನೋಡಿ. ಕೆಲವು ಕಾರುಗಳಲ್ಲಿ ಕಾಯಿಲ್‌ಗೆ ಕರೆಂಟ್ ಬ್ಯಾಲಸ್ಟ್ ಎಂಬ ಒಂದು ರೆಸಿಸ್ಟರ್ ಮೂಲಕ ಬರುತ್ತದೆ, ಸ್ಟಾರ್ಟ್ ಮಾಡುವಾಗ ಮಾತ್ರ ನೇರವಾಗಿ ಬರುತ್ತದೆ. ಇಂಥ ಕಾರಿನಲ್ಲಿ ಪಾಯಿಂಟ್ ಮುಚ್ಚಿದಾಗ ಕೀ ಕಡೆಯ ತುದಿಯಲ್ಲಿ 6ರಿಂದ 8 ವೋಲ್ಟ್ ಇದ್ದರೆ ಅದೇ ಸರಿ. 12 ಇಲ್ಲ ಅಂತ ಗಾಬರಿಯಾಗಬೇಡಿ.

ಎಂಜಿಬಿ ಇರುವವರೇ, 1967ಕ್ಕೆ ಮೊದಲಿನ ಕಾರಾದರೆ ಬ್ಯಾಟರಿಯ ಪ್ಲಸ್ ಕಾರಿನ ಲೋಹದ ಮೈಗೆ ಸೇರಿರುತ್ತದೆ. ಮೀಟರಿನ ಕಡ್ಡಿ ಅದಲು ಬದಲು ಮಾಡಿ. ಪಾಯಿಂಟಿನ ಗ್ಯಾಪ್ 0.35ರಿಂದ 0.40 ಮಿಲಿಮೀಟರ್. ಬ್ರಿಟಿಷ್ ಕಾರುಗಳಲ್ಲಿ ಕೀಯಿಂದ ಕಾಯಿಲ್‌ಗೆ ಬರುವ ವೈರು ಸಾಮಾನ್ಯವಾಗಿ ಬಿಳಿ, ಕಾಯಿಲ್‌ನಿಂದ ಡಿಸ್ಟ್ರಿಬ್ಯೂಟರಿಗೆ ಹೋಗುವುದು ಬಿಳಿ ಮೇಲೆ ಕಪ್ಪು ಗೆರೆ. ಅದನ್ನೇ ಹಿಡಿದುಕೊಂಡು ಹೋಗಿ.

ಜರ್ಕ್ ಹೊಡೆದಾಗ ಟ್ಯಾಕೋಮೀಟರ್ ಮುಳ್ಳು ಬೀಳದಿದ್ದರೆ ಆಗ ಡಿಸ್ಟ್ರಿಬ್ಯೂಟರ್ ಒಳಗೆ ತಿರುಗುವ ರೋಟರ್, ಅದರ ಮೇಲಿನ ಮುಚ್ಚಳವಾದ ಕ್ಯಾಪ್, ಪ್ಲಗ್ ವೈರ್ ಕಡೆ ಬನ್ನಿ. ಕತ್ತಲಲ್ಲಿ ಬಾನೆಟ್ ತೆರೆದು ಎಂಜಿನ್ ನಡೆಸಿ ನೋಡಿದರೆ ಎಲ್ಲಿ ಕಿಡಿ ಸೋರುತ್ತಿದೆ ಅಂತ ಕೆಲವು ಸಲ ಕಂಡೇಬಿಡುತ್ತದೆ. ಹೊಸ ರೋಟರ್ ಅಂದ ಮಾತ್ರಕ್ಕೆ ಒಳ್ಳೆಯ ರೋಟರ್ ಅಂತ ಅಲ್ಲ, ಹೊಸ ಕಂಡೆನ್ಸರ್ ಅಂತೂ ಅಲ್ಲವೇ ಅಲ್ಲ. ಓಡುತ್ತಿರುವ ಹಳೆಯದನ್ನು ಸುಮ್ನೆ ಬಿಚ್ಚಿ ಎಸೆಯಬೇಡಿ.

ಎಂಜಿನ್ ನಡೆಯುವಾಗ ಪ್ಲಗ್ ವೈರ್ ಮುಟ್ಟಬೇಡಿ. ಹೃದಯಕ್ಕೆ ಪೇಸ್‌ಮೇಕರ್ ಹಾಕಿಸಿಕೊಂಡವರು ಬಾನೆಟ್ ಹತ್ತಿರವೂ ಬರಬೇಡಿ. ಪೆಟ್ರೋಲ್ ವಾಸನೆ ಬರುತ್ತಿದ್ದರೆ ಕಿಡಿ ಪರೀಕ್ಷೆ ಮಾಡಲೇಬೇಡಿ. ಅಳತೆ ಮುಗಿದ ಮೇಲೆ ಇಗ್ನಿಷನ್ ಆಫ್ ಮಾಡಿ. ಎಂಜಿನ್ ನಿಂತು ಪಾಯಿಂಟ್ ಮುಚ್ಚಿರುವಾಗ ಕೀ ಹಾಗೇ ಬಿಟ್ಟರೆ ಕಾಯಿಲ್ ಕಾದು ಸುಟ್ಟುಹೋಗುತ್ತದೆ, ಆಗ ನಿಜವಾಗಿಯೂ ಹೊಸ ಕಾಯಿಲ್ ತರಬೇಕಾಗುತ್ತದೆ. ನಮಸ್ಕಾರ.